ಡೇರಾ ಎದ್ದ ಗುರುವಾರ

1948ರ ಅಕ್ಟೋಬರ್ ಏಳು, ಗುರುವಾರ, ಬೆಳಿಗ್ಗೆ ಎಂಟು ಗಂಟೆ. ಪೊಲೀಸ್ ಆಕ್ಷನ್ ಮುಗಿದು ಮೂರು ವಾರವಾಗಿತ್ತು. ಸ್ಥಳ, ಔರಾದಿನ ಹೊರಗೆ ನಮ್ಮ ಹೊಲದ ಮೂಲೆ. ಹಾಜರಿದ್ದವರು: ಅವ್ವ, ಭಾಲ್ಕಿಯಿಂದ ನಮ್ಮ ಜೊತೆ ಬಂದಿದ್ದ ಅತ್ತೆ, ಅಂದರೆ ಅಪ್ಪನ ಅಕ್ಕ, ಹೊಲ ಮತ್ತು ಕುರಿ ನೋಡಿಕೊಂಡಿದ್ದ ಕಾಕಾ, ಅಂದರೆ ಅಪ್ಪನ ತಮ್ಮ, ಊರ ಹಿರಿಯ ಮಾಳಪ್ಪ ಮುತ್ಯಾ, ಹಾರೆ ಸಲಿಕೆ ಹಿಡಿದ ನಾಲ್ಕು ಮಂದಿ, ಮತ್ತು ಹತ್ತು ವರ್ಷದ ನಾನು. ಗೈರುಹಾಜರು: ಅಪ್ಪ. ಆ ನಾಲ್ಕು ಮಂದಿ ಕುಣಿ ತೋಡುತ್ತಿದ್ದುದು ಅವನಿಗಾಗಿಯೇ.

ಕಾಕಾ ಅಳತೆ ಕೊಡಲು ನೆಲದ ಮೇಲೆ ಅಂಗಾತ ಮಲಗಿದ್ದ. ತೋಡುವವರಲ್ಲಿ ಒಬ್ಬ ಅವನ ತಲೆಯ ಕಡೆಗೊಂದು, ಕಾಲ ಕಡೆಗೊಂದು ಗೀರು ಎಳೆದ.

"ಅಣ್ಣ ನನಕಿಂತ ಒಂದು ಗೇಣು ಉದ್ದ ಇದ್ದ. ಇನ್ನ ಜರಾ ಬಿಡರಿ," ಎಂದು ಕಾಕಾ ಮಲಗಿದಲ್ಲಿಂದಲೇ ಹೇಳಿದ. ಹೇಳುವಾಗ ಅವನ ಕಣ್ಣಿಂದ ನೀರು ಎರಡೂ ಕಿವಿಯ ಕಡೆಗೆ ಹರಿಯುತ್ತಿತ್ತು.

ಹಾಜರಿ ತೆಗೆದುಕೊಳ್ಳದೆ ನನಗೆ ಯಾವ ಮಾತನ್ನೂ ಶುರು ಮಾಡಲು ಬರುವುದಿಲ್ಲ. ಮೂವತ್ತನಾಲ್ಕು ವರ್ಷ ಸಾಲಿ ಕಲಿಸಿದ ಕೈ. ನಿವೃತ್ತಿಯಾಗಿ ಬಹಳ ಕಾಲವಾದರೂ ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಆರಕ್ಕೆ ಹತ್ತು ನಿಮಿಷವಿರುವಾಗ ಕತ್ತರಿ ಹಿಡಿದು ಹಿತ್ತಲಿಗೆ ಇಳಿಯುತ್ತೇನೆ. ಬೀದರಿನ ಚಿದ್ರಿಯಲ್ಲಿ ನಮ್ಮ ಮನೆಯ ಹಿತ್ತಲೆಂದರೆ ಎರಡು ಹಾಸಿಗೆ ಹಾಸುವಷ್ಟು ಜಾಗ. ಅದರಲ್ಲಿ ಹನ್ನೆರಡು ಡೇರೆ ಗಿಡ. ಎಲ್ಲಕ್ಕೂ ನಂಬರು ಕೊಟ್ಟಿದ್ದೇನೆ. ಏಳನೇ ನಂಬರು ಪ್ರತಿವರ್ಷ ತಡವಾಗಿ ಹೂ ಬಿಡುತ್ತದೆ. ಅದರ ಮುಂದೆ ನಿಂತು ನಾನು ಗದರುವುದನ್ನು ಸೊಸೆ ಶೈಲಜಾ ಅಡಿಗೆಮನೆಯ ಕಿಟಕಿಯಿಂದ ನೋಡಿ ನಗುತ್ತಾಳೆ. ಮೊನ್ನೆ ಅವಳೇ ಈ ಹಳೆಯ ಸಂಗತಿಯನ್ನು ಎಬ್ಬಿಸಿದಳು.

ನಾನು ದೂರದ ನರ್ಸರಿಯೊಂದಕ್ಕೆ ಹೊಸ ಗಡ್ಡೆ ಬರೆದು ತರಿಸಿದ್ದೆ. ಆಟೋದವನು ಗೇಟಿನ ಹತ್ತಿರ ನಿಂತು, ಡಬ್ಬಿಯ ಮೇಲಿನ ದೊಡ್ಡ ಅಕ್ಷರ ಮಾತ್ರ ಓದಿ, "ಟೀಚರ್ ಬಾಯಿಯವರ, ಡೇರೆ ಬಂದದರೀ!" ಎಂದು ಕೂಗಿದ.

ಶೈಲಜಾ ಭಾಲ್ಕಿಯವಳು, ಬ್ಯಾಂಕಿನಲ್ಲಿ ಕೆಲಸ. ಹೂವಿನ ತಂಟೆಗೆ ಬಂದವಳಲ್ಲ. ಬಾಗಿಲಿನ ಒಳಗಿನಿಂದಲೇ, "ಡೇರೆ ಯಾರ್ ಹೇಳ್ಯಾರಪ್ಪ? ನಮ್ಮ ಮನ್ಯಾಗ ಯಾವ ಫಂಕ್ಷನ್ನೂ ಇಲ್ಲ. ಬಾಜೂ ಮನಿಯಾಗ ನಾಮಕರಣ ಅದ, ಅಲ್ಲಿ ಕೊಡು ಹೋಗು," ಎಂದು ಅವನನ್ನು ಕಳಿಸಿಯೇಬಿಟ್ಟಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಹನ್ನೆರಡು ಗಡ್ಡೆಗಳು ಪಕ್ಕದ ಮನೆಯ ಅಡಿಗೆಯವರ ಕೈಗೆ ಸೇರಿ, ಗೆಣಸಿನ ಬುಟ್ಟಿಯ ಪಕ್ಕದಲ್ಲಿ ಸರದಿ ಕಾಯುತ್ತಿದ್ದವು. ಉಳಿಸಿಕೊಂಡು ಬಂದೆ. ಶೈಲಜಾ ತಪ್ಪೊಪ್ಪಿಕೊಳ್ಳುವ ಬದಲು, "ಡೇರೆ ಅಂದ್ರ ಟೆಂಟ್ ಅಲ್ಲೇನ್ರೀ ಅತ್ತಿ?" ಎಂದು ನನ್ನನ್ನೇ ಕೇಳಿದಳು. ಬೇರೆ ಯಾರಾದರೂ ಆಗಿದ್ದರೆ ಗದರುತ್ತಿದ್ದೆ. ಈ ಒಂದು ಪದದ ವಿಷಯದಲ್ಲಿ ನನಗೆ ಗದರುವ ಹಕ್ಕಿಲ್ಲ.

ಅಪ್ಪ ಬೀದರಿನ ಸರ್ಕಾರಿ ಬಂಗಲೆಯ ತೋಟದಲ್ಲಿ ಮಾಲಿಯಾಗಿದ್ದ. ಮಾಲಿಯಾಗಬೇಕೆಂದು ಹೋದವನಲ್ಲ. ನಮ್ಮದು ಕುರಿ ಕಾಯುವ ಮನೆತನ. ಬಂಗಲೆಗೆ ಕುರಿಗೊಬ್ಬರ ಹಾಕಲು ಗಾಡಿ ಹೊಡೆದುಕೊಂಡು ಹೋದ. ಅಲ್ಲಿಯ ಹಿರಿಯ ಮಾಲಿ ಗೊಬ್ಬರವನ್ನು ಮುಷ್ಟಿಯಲ್ಲಿ ಹಿಡಿದು, ಹಿಂಡಿ, ಮೂಸಿ ನೋಡಿ, "ಇದನ್ನು ಇಷ್ಟು ಚೆನ್ನಾಗಿ ಕೊಳೆಸಿದವನು ಯಾರು?" ಎಂದು ಕೇಳಿದರಂತೆ. ಅಪ್ಪ "ನಾನ ರೀ" ಎಂದ. "ಹಾಗಾದರೆ ನಾಳೆಯಿಂದ ಬಾ," ಎಂದರು. ಅವರನ್ನು ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ನನ್ನನ್ನು ಉರ್ದು ಸಾಲಿಗೆ ಸೇರಿಸಿದವರೂ ಅವರೇ. ಆಗ ಹೈದರಾಬಾದ್ ಸಂಸ್ಥಾನ. ಮನೆಯ ಮಾತು ಕನ್ನಡ, ಸಾಲಿಯ ಅಕ್ಷರ ಉರ್ದು. ನನಗೆ ಅಲಿಫ್ ಬೇ ಬರುತ್ತಿತ್ತು, ಅ ಆ ಬರುತ್ತಿರಲಿಲ್ಲ.

ಬಂಗಲೆಯ ಮುಂದೆ ಇಪ್ಪತ್ತು ಸಾಲು ಹೂವಿದ್ದರೂ ಉಸ್ತಾದರ ಪ್ರಾಣ ಇದ್ದದ್ದು ಒಂದರಲ್ಲೇ. ಬಂಗಲೆಯ ಬೇಗಂ ಸಾಹೇಬರು ಅದನ್ನು ಡೇಲಿಯಾ ಎನ್ನುತ್ತಿದ್ದರು. ಉಸ್ತಾದರ ಬಾಯಲ್ಲಿ ಅದು ಡೇರಾ. ಅವ್ವನಿಗೆ ಅದರ ಹೆಸರೇ ಬೇಡವಾಗಿತ್ತು. "ಮುಡಿಲಿಕ್ಕ ಬರಂಗಿಲ್ಲ, ತಲಿ ಹೊರಲಾರದಷ್ಟು ದೊಡ್ಡದು. ದೇವರಿಗೆ ಏರಸಬೇಕಂದ್ರ ಒಂದು ಎಳಿ ವಾಸ್ನಿ ಇಲ್ಲ. ಗಡ್ಡಿ ತಿಂದ್ರ ನೀರು ನೀರು. ಇದಕ್ಕ ಎರಡು ಮಂದಿ ಗಂಡಸರು ದಿನಾ ಬಗ್ಗಿ ನಿಂದ್ರತಾರ!" ಎನ್ನುತ್ತಿದ್ದಳು.

ಬಗ್ಗಿ ನಿಲ್ಲುತ್ತಿದ್ದುದಂತೂ ನಿಜ. ನನ್ನ ಶಿಸ್ತನ್ನು ಜನ ಸಾಲಿಯಿಂದ ಬಂದದ್ದು ಎಂದುಕೊಳ್ಳುತ್ತಾರೆ. ಅದು ಬಂದದ್ದು ಆ ತೋಟದಿಂದ. ಮಳೆಯ ಜೋರು ಇಳಿದ ಮೇಲೆ ಗಡ್ಡೆ ಹೂಳಬೇಕು. ಗಡ್ಡೆಗಿಂತ ಮೊದಲು ಗೂಟ ನೆಡಬೇಕು, ಆಮೇಲೆ ನೆಟ್ಟರೆ ಗಡ್ಡೆಯನ್ನು ಚುಚ್ಚುತ್ತದೆ. ನಾಲ್ಕು ಜೊತೆ ಎಲೆ ಬಂದ ದಿನ ತುದಿ ಚಿವುಟಬೇಕು. ಮೂರು ಮೊಗ್ಗು ಒಟ್ಟಿಗೆ ಬಂದರೆ ನಡುವಿನದನ್ನು ಇಟ್ಟು ಪಕ್ಕದ ಎರಡನ್ನು ತೆಗೆಯಬೇಕು. ಇದನ್ನು ನೋಡಿ ನಾನು ಚಿಕ್ಕವಳಿದ್ದಾಗ ಅತ್ತಿದ್ದೆನಂತೆ. ಹೂ ಕೊಯ್ಯುವುದು ಸೂರ್ಯ ಕೋಟೆಯ ಗೋಡೆ ದಾಟುವ ಮೊದಲು, ಪೂರ್ತಿ ಅರಳಿದ್ದನ್ನು ಮಾತ್ರ, ಏಕೆಂದರೆ ಮೊಗ್ಗಾಗಿ ಕೊಯ್ದ ಡೇರೆ ಹೂದಾನಿಯಲ್ಲಿ ಅರಳುವುದಿಲ್ಲ. ಕೊಯ್ದ ತಕ್ಷಣ ಕಡ್ಡಿಯ ತುದಿಯನ್ನು ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ ಇಳಿಸಿ, ನೀರು ಆರುವ ತನಕ ಹಾಗೇ ಬಿಡಬೇಕು. ಹಾಗೆ ಮಾಡಿದ ಹೂ ಐದು ದಿನ ನಿಲ್ಲುತ್ತದೆ. ಬೇಗಂ ಸಾಹೇಬರ ಮೇಜಿನ ಮೇಲೆ ಒಮ್ಮೆ ಎರಡೇ ದಿನಕ್ಕೆ ತಲೆ ಬಾಗಿದ ಹೂವನ್ನು ಕಂಡು ಉಸ್ತಾದರು ಊಟ ಬಿಟ್ಟಿದ್ದರು. ಬೇಗಂ ಸಾಹೇಬರು ಅದನ್ನು ಗಮನಿಸಿರಲೂ ಇಲ್ಲ.

ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ಪ್ರತಿ ಸೋಮವಾರ ಒಂದು ಡೇರೆಯನ್ನು ಆಫೀಸಿನ ಮೇಜಿನ ಮೇಲೆ ಇಡುತ್ತಿದ್ದೆ. ಶನಿವಾರದ ತನಕ ಅದು ನಿಂತರೆ ಆ ವಾರ ಮಕ್ಕಳಿಗೆ ಬೈಗುಳ ಕಡಿಮೆ ಎಂದು ಸಹೋದ್ಯೋಗಿಗಳು ಲೆಕ್ಕ ಹಾಕಿದ್ದರಂತೆ. ಕೆಲವರು ನನಗೆ ತಿಳಿಯದಂತೆ ಹೂದಾನಿಯ ನೀರು ಬದಲಿಸುತ್ತಿದ್ದರೆಂದು ಬೀಳ್ಕೊಡುಗೆಯ ದಿನ ಗೊತ್ತಾಯಿತು. ಇರಲಿ, ದಾರಿ ತಪ್ಪಿದೆ.

ಆ ವರ್ಷ ಬೀದರಿನಲ್ಲಿ ದಿನ ಕೆಟ್ಟಿದ್ದವು. ಬೇಸಿಗೆಯಲ್ಲಿ ಸಂಸ್ಥಾನದ ಪರ ಕತ್ತಿ ಹಿಡಿದ ಗುಂಪುಗಳಿಗೆ ಹೆದರಿ ನಮ್ಮ ಓಣಿಯವರು ಸಂಜೆಯಾಗುವ ಮೊದಲೇ ಬಾಗಿಲು ಹಾಕಿಕೊಂಡರು. ಅಪ್ಪ ನನ್ನನ್ನೂ ಅವ್ವನನ್ನೂ ಭಾಲ್ಕಿಗೆ ಅತ್ತೆಯ ಮನೆಗೆ ಕಳಿಸಿದ. ತಾನು ಬರಲಿಲ್ಲ. "ಗಡ್ಡಿ ಉಸುಕಿನ್ಯಾಗ ಮಲಗ್ಯಾವ, ಉಸ್ತಾದ್ ಒಬ್ಬರ ಆಗ್ತಾರ," ಎಂದ. ಅವ್ವ, "ಗಡ್ಡಿನ ಕಟ್ಟಿಕೊಂಡಿದ್ದೀ ನೀ, ನನ್ನಲ್ಲ," ಎಂದು ಹೇಳಿ, ತಿರುಗಿ ನೋಡದೆ ರೈಲು ಹತ್ತಿದಳು. ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ಆಯಿತು. ಹಿಂದೂಸ್ತಾನದ ಫೌಜು ಬಂತು. ಆಮೇಲೆ ಸೇಡಿಗೆ ಹೆದರಿ ಉಸ್ತಾದರ ಓಣಿಯವರು ಬಾಗಿಲು ಹಾಕಿಕೊಂಡರು. ಎರಡು ಕಾಲದಲ್ಲೂ ಬೀದರಿನಿಂದ ಬರುವ ಸುದ್ದಿಗಳಲ್ಲಿ ಒಳ್ಳೆಯದೆಂಬುದು ಇರಲಿಲ್ಲ. ಮೂರು ವಾರ ಅಪ್ಪನ ಕಡೆಯಿಂದ ಒಂದು ಮಾತಿಲ್ಲ. ಅವ್ವ ರೊಟ್ಟಿ ಬಡಿಯುವಾಗ ತಟ್ಟನೆ ಕೈ ನಿಲ್ಲಿಸಿ ರಸ್ತೆಯ ಕಡೆ ಕಿವಿ ಕೊಡುತ್ತಿದ್ದಳು. ಒಲೆಯ ಮೇಲಿನ ರೊಟ್ಟಿ ಹೊತ್ತುತ್ತಿತ್ತು.

ಮಂಗಳವಾರ ಮಧ್ಯಾಹ್ನ ಭಾಲ್ಕಿ ಸ್ಟೇಷನ್ನಿನ ಹಮಾಲನೊಬ್ಬ ಒಂದು ಚೀಟಿ ತಂದುಕೊಟ್ಟ. ಬೀದರಿನಿಂದ ಬಂದ ರೈಲಿನಲ್ಲಿ ಯಾರೋ ಕೈಗೆ ಕೊಟ್ಟದ್ದು. ಉರ್ದು ಅಕ್ಷರ, ಉಸ್ತಾದರ ಕೈಬರಹ. ಅಪ್ಪನಿಗೆ ಓದು ಬರಹವಿಲ್ಲ. ಅವನ ಚೀಟಿಗಳನ್ನು ಯಾವಾಗಲೂ ಉಸ್ತಾದರೇ ಬರೆಯುತ್ತಿದ್ದರು. ಆ ಮನೆಯಲ್ಲಿ ಉರ್ದು ಓದಬಲ್ಲವಳು ನಾನೊಬ್ಬಳೇ. ಅದರ ಹಿಂದಿನ ವರ್ಷ ಓದುವುದರಲ್ಲಿ ಇನಾಮು ಬಂದಿತ್ತು. ಆ ಇನಾಮಿನ ಗರ್ವವೆಲ್ಲ ಗಂಟಲಿಗೆ ತಂದುಕೊಂಡು, ನಿಂತು, ಸಾಲಿಯ ರಾಗದಲ್ಲಿ ಓದಿದೆ.

"ಡೇರಾ ಉಠ್ ಗಯಾ. ಔರಾದ್ ಭೇಜ್ ರಹಾ ಹೂಂ. ಜುಮೇರಾತ್ ಕೋ ಪಹುಂಚೇಗಾ. ಮಿಟ್ಟೀ ತಯ್ಯಾರ್ ರಖೋ. ದೇರ್ ಹುಯೀ ತೋ ಖರಾಬ್ ಹೋ ಜಾಯೇಗಾ."

"ಕನ್ನಡದಾಗ ಹೇಳಬೇ," ಎಂದಳು ಅತ್ತೆ.

ಹೇಳಿದೆ. ಒಂದು ಪದವನ್ನೂ ಬಿಡದೆ, ಒಂದನ್ನೂ ಸೇರಿಸದೆ ಹೇಳಿದೆ. "ಡೇರಾ ಎದ್ದದ. ಔರಾದಕ್ಕ ಕಳಸಲಿಕತ್ತೀನಿ. ಗುರುವಾರ ಮುಟ್ಟತದ. ಮಣ್ಣು ತಯಾರ್ ಇಡರಿ. ತಡಾ ಆದ್ರ ಕೆಡತದ."

ಆ ತಿಂಗಳು ಡೇರಾ ಎಂಬ ಪದಕ್ಕೆ ನಮ್ಮ ಕಡೆ ಹೂವಿನ ಅರ್ಥ ಉಳಿದಿರಲಿಲ್ಲ. ದಿನಾ ಒಬ್ಬರಲ್ಲ ಒಬ್ಬರು ಬಾಗಿಲಲ್ಲಿ ನಿಂತು, ಇಂಥ ಮನೆಯವರ ಡೇರಾ ಎದ್ದಿತು ಎನ್ನುತ್ತಿದ್ದರು. ಊರು ಬಿಟ್ಟವರಿಗೂ ಅದೇ ಮಾತು, ಲೋಕ ಬಿಟ್ಟವರಿಗೂ ಅದೇ ಮಾತು. ಇನ್ನು ಮಣ್ಣು ಎಂದರೆ ನಮ್ಮವರಿಗೆ ಒಂದೇ. ನಾವು ಸತ್ತವರನ್ನು ಸುಡುವವರಲ್ಲ, ಮಣ್ಣು ಮಾಡುವವರು. ಔರಾದಿನ ಹೊಲದಲ್ಲೇ ಅಜ್ಜನ ಮಣ್ಣಾಗಿತ್ತು.

ಅತ್ತೆ ನನ್ನ ಕೈಯಿಂದ ಚೀಟಿ ಕಸಿದುಕೊಂಡು, ತನಗೆ ಓದಲು ಬಾರದ ಆ ಸಾಲುಗಳನ್ನು ಕಣ್ಣರಳಿಸಿ ನೋಡಿದಳು. "ಯವ್ವಾ, ಹ್ವಾದ್ನಲ್ಲೇ ನನ ತಮ್ಮ!" ಎಂದು ಹಣೆ ಬಡಿದುಕೊಂಡಳು.

ಇಲ್ಲಿ ನನ್ನ ತಪ್ಪನ್ನು ಸರಿಯಾಗಿ ಬರೆಯಬೇಕು. ಓದಿದ್ದರಲ್ಲಿ ತಪ್ಪಿರಲಿಲ್ಲ. ಅತ್ತೆ ಅಳಲು ಶುರು ಮಾಡಿದ ಆ ಕ್ಷಣದಲ್ಲಿ ನನಗೆ ಬಂಗಲೆಯ ಸಾಲು ಕಣ್ಣ ಮುಂದೆ ಬಂತು. ಹೂವಿನ ಡೇರಾ ಇರಬಹುದೇ? ಬಾಯಿ ತೆರೆದೆ.

"ಅತ್ತೀ, ಡೇರಾ ಅಂದ್ರ ಹೂ..."

"ಹೂವಿನ ಸುದ್ದಿ ಆಮ್ಯಾಲ ನೋಡೋಣು, ಸುಮ್ಮಕಿರು! ಹೆಣಾ ಇನ್ನ ಬಂದಿಲ್ಲ, ಹೂ ಏರಸಲಿಕ್ಕ ನಿಂತಾಳ!"

ಸುಮ್ಮನಾದೆ. ಇನ್ನೊಮ್ಮೆ ಹೇಳಬಹುದಿತ್ತು. ಅವ್ವನ ಸೆರಗು ಎಳೆದು ಕಿವಿಯಲ್ಲಿ ಹೇಳಬಹುದಿತ್ತು. ಆದರೆ ಅತ್ತೆ ಹಣೆ ಬಡಿದುಕೊಂಡು ಅಳುವಾಗ ಹೂವಿನ ಮಾತು ಆಡಿದ ಹುಡುಗಿ ಎನಿಸಿಕೊಳ್ಳುವ ನಾಚಿಕೆ, ಮತ್ತು ಹೇಳಿ ಅದು ಸುಳ್ಳಾದರೆ ಎಂಬ ಭಯ. ಬುಧವಾರವಿಡೀ ಆ ಅರ್ಧ ಪದವನ್ನು ಬಾಯಲ್ಲಿ ಇಟ್ಟುಕೊಂಡೇ ಇದ್ದೆ. ನನ್ನ ತರಗತಿಯಲ್ಲಿ ಯಾವ ಮಗು ಕೈ ಅರ್ಧ ಎತ್ತಿ ಇಳಿಸಿದರೂ ನಾನು ಬಿಡುತ್ತಿರಲಿಲ್ಲ; ಪೂರ್ತಿ ಹೇಳಿಸಿಯೇ ಮುಂದಿನ ಪಾಠ. ಕೆಲವರಿಗೆ ಅದು ಹಿಂಸೆಯಾಗಿದ್ದಿರಬಹುದು.

ಅವ್ವ ಅಳಲಿಲ್ಲ. ಚೀಟಿಯನ್ನು ಮಡಚಿ ಕುಬಸದಲ್ಲಿ ಇಟ್ಟುಕೊಂಡು, "ಗುರುವಾರ ಅಂದ್ರ ನಾಡಿದ್ದು. ನಡೀರಿ," ಎಂದಳು. ಬುಧವಾರ ಬೆಳಿಗ್ಗೆ ಭಾಲ್ಕಿಯಿಂದ ರೈಲಿನಲ್ಲಿ ಕಮಲನಗರ. ಸ್ಟೇಷನ್ನಿನಲ್ಲಿ ಮರಾಠಿ ಹೆಂಗಸೊಬ್ಬಳು ಅವ್ವನ ಮುಖ ನೋಡಿ, ಏನನ್ನೂ ಕೇಳದೆ, ತನ್ನ ಚೊಂಬಿನ ನೀರು ಕೊಟ್ಟಳು. ಅಲ್ಲಿಂದ ಬಾಡಿಗೆಯ ಗಾಡಿ. ದಾರಿಯುದ್ದಕ್ಕೂ ಎರಡೂ ಕಡೆ ಜೋಳ ಮೊಣಕಾಲೆತ್ತರ ನಿಂತಿತ್ತು. ಎತ್ತಿನ ಗಂಟೆಯ ಸದ್ದಿಗೆ ಅತ್ತೆ ಅಳುತ್ತಿದ್ದಳು, ಗಾಡಿ ನಿಂತಾಗ ಅವಳ ಅಳುವೂ ನಿಲ್ಲುತ್ತಿತ್ತು. ಸಂಜೆ ಔರಾದ ಮುಟ್ಟಿದೆವು. ಸುದ್ದಿ ಕೇಳಿ ಕಾಕಾ ಹಟ್ಟಿಯ ಕುರಿಗಳ ನಡುವೆ ಹೋಗಿ ಕೂತುಬಿಟ್ಟ. ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ.

ಹೀಗೆ ಗುರುವಾರ ಬೆಳಿಗ್ಗೆ ಕಾಕಾ ನೆಲದ ಮೇಲೆ ಮಲಗಿ ಅಳತೆ ಕೊಟ್ಟ.

ಔರಾದಿನದು ಎರೆಮಣ್ಣು, ಕರಿ. ಹಸಿಯಾಗಿದ್ದಾಗ ಸಲಿಕೆಗೆ ಅಂಟುತ್ತದೆ. ಎರಡು ಮೊಳ ಇಳಿದ ಮೇಲೆ ಮೊರಂ, ಅಂದರೆ ಗರಸು ಮಣ್ಣು, ಸಿಕ್ಕಿತು. ಹಾರೆ ಬಿದ್ದರೆ ಠಣ್ ಎನ್ನುತ್ತಿತ್ತು. ಹನ್ನೊಂದರ ಹೊತ್ತಿಗೆ ತೋಡುವವನ ಎದೆಮಟ್ಟ ಆಯಿತು. "ಸಾಕೇನ್ರೀ ಮುತ್ಯಾ?" ಎಂದು ಕೇಳಿದರು. ಮಾಳಪ್ಪ ಮುತ್ಯಾ ಕೋಲು ಇಳಿಸಿ ನೋಡಿ, "ಇನ್ನೊಂದು ಗೇಣು. ಆಂವ ಬಂಗಲೇದಾಗ ಇದ್ದಂವ, ಇಕ್ಕಟ್ಟ ಆಗಬಾರದು," ಎಂದರು. ಅವ್ವ ದೂರದಲ್ಲಿ ಬದುವಿನ ಮೇಲೆ ಕೂತು, ಬೀದರಿನ ಕಡೆಯಿಂದ ಬರುವ ರಸ್ತೆಯನ್ನೇ ನೋಡುತ್ತಿದ್ದಳು. ಅವಳ ಕೈ ತುಂಬ ಹಸಿರು ಬಳೆ. ಮಣ್ಣಾದ ಮೇಲೆ ಅವನ್ನು ಒಡೆಯಬೇಕು. ಅತ್ತೆ ಅದಕ್ಕೊಂದು ಕಲ್ಲನ್ನು ಆಗಲೇ ಹುಡುಕಿ ಇಟ್ಟಿದ್ದಳು. ನಾನು ಆ ಕಲ್ಲನ್ನು ನೋಡಬಾರದೆಂದು ಕುಣಿಯನ್ನು ನೋಡುತ್ತಿದ್ದೆ. ಕುಣಿಯನ್ನು ನೋಡಬಾರದೆಂದು ಕಲ್ಲನ್ನು ನೋಡುತ್ತಿದ್ದೆ.

ಹನ್ನೆರಡೂವರೆಗೆ ರಸ್ತೆಯ ತಿರುವಿನಲ್ಲಿ ಒಂದು ಎತ್ತಿನ ಗಾಡಿ ಕಾಣಿಸಿತು. ಗಾಡಿಯ ಮೇಲೆ ಒದ್ದೆ ಗೋಣಿತಟ್ಟು ಹೊದೆಸಿದ ಉದ್ದನೆಯದೊಂದು ಇತ್ತು. ಅತ್ತೆ ಎದ್ದು ನಿಂತು ಒಂದೇ ಕೂಗು ಕೂಗಿದಳು. ಅವ್ವ ಏಳಲಿಲ್ಲ.

ಗಾಡಿಯ ಪಕ್ಕದಲ್ಲಿ, ಎತ್ತುಗಳಿಗೆ ಭಾರವಾಗದಿರಲೆಂದು, ಒಬ್ಬ ಮನುಷ್ಯ ನಡೆದು ಬರುತ್ತಿದ್ದ. ಮೈಯೆಲ್ಲ ಬೀದರಿನ ಕೆಂಪು ಧೂಳು. ಹೊಲದಲ್ಲಿ ಜನ ಸೇರಿದ್ದನ್ನು, ಹಾರೆ ಸಲಿಕೆಗಳನ್ನು, ಮಣ್ಣಿನ ಗುಡ್ಡೆಯನ್ನು ಕಂಡು ಅವನು ನಡಿಗೆ ನಿಧಾನ ಮಾಡಿದ. ತಲೆಯ ರುಮಾಲು ತೆಗೆದು ಬಗಲಲ್ಲಿ ಇಟ್ಟುಕೊಂಡ. ಕುಣಿಯ ಹತ್ತಿರ ಬಂದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕಾಕಾನನ್ನು ಕೇಳಿದ: "ಯಾರು ಹ್ವಾದ್ರೋ ತಮ್ಮಾ?"

ಕಾಕಾ ಅವನ ಮುಖವನ್ನೇ ನೋಡುತ್ತ, "ನೀನ," ಎಂದ.

ಅಪ್ಪ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದ. ಆಮೇಲೆ ಬಗ್ಗಿ ಕುಣಿಯನ್ನು ನೋಡಿದ. "ಮಣ್ಣು ತಯಾರ್ ಇಡರಿ ಅಂತ ಬರಸಿದ್ದೆ, ಖರೆ. ಇಷ್ಟು ಆಳ ಯಾಕ ತೋಡಿರಿ? ಡೇರಾಕ ಒಂದು ಗೇಣು ಸಾಕ!"

ಮೊದಲು ನಕ್ಕವನು ಕುಣಿಯ ಒಳಗಿದ್ದವನು. ಅವನು ನಗುತ್ತ ಅಲ್ಲೇ ಕುಸಿದು ಕೂತ. ಅವನನ್ನು ಮೇಲೆತ್ತಲು ಇಬ್ಬರು ಬೇಕಾದರು. ಕಾಕಾ ಅಣ್ಣನ ಹೆಗಲಿಗೆ ಬಿದ್ದು ಅಳುತ್ತ, ಅವನ ಬೆನ್ನಿಗೆ ಗುದ್ದುತ್ತಿದ್ದ. ಅತ್ತೆ ತಮ್ಮನ ಕೆನ್ನೆ ಹಿಂಡಿ ನೋಡಿ, ಕೂಡಲೇ ನನ್ನ ಕಡೆ ತಿರುಗಿದಳು. "ಎಲ್ಲಾ ಈ ಇನಾಮಿನಾಕಿಂದ! ಡೇರಾ ಅಂದ್ರ ಹೂ ಅಂತ ಹೇಳಲಿಕ್ಕ ನಿನಗ ಏನಾಗಿತ್ತಬೇ?"



ಸಂಗತಿ ಇಷ್ಟು. ಬೀದರಿಗೆ ಬಂದ ಫೌಜಿನವರಿಗೆ ತಂಗಲು ಬಯಲು ಬೇಕಾಯಿತು. ಬಂಗಲೆಯ ಮುಂದಿನ ತೋಟ ಸಪಾಟಾಗಿತ್ತು. ಎರಡು ದಿನದಲ್ಲಿ ಜಾಗ ಬಿಡಿಸಬೇಕೆಂದು ಹುಕುಂ ಬಂತು. ಅವರ ಡೇರಾ ಹಾಕಲು ಇವರ ಡೇರಾ ಕೀಳಬೇಕು. ಗೇಣುದ್ದ ಚಿಗುರಿದ್ದ ಗಿಡಗಳನ್ನು ಅಪ್ಪ ಮತ್ತು ಉಸ್ತಾದ್ ಬೇರಿನ ಮಣ್ಣು ಸಹಿತ ಎತ್ತಿದರು. ಹಾಗೆ ಎತ್ತಿದ ಗಿಡ ಎರಡು ದಿನದೊಳಗೆ ಮಣ್ಣು ಕಾಣದಿದ್ದರೆ ಕೆಡುತ್ತದೆ. ಉಸ್ತಾದರಿಗೆ ರಸ್ತೆಗೆ ಇಳಿಯುವ ಧೈರ್ಯವಿರಲಿಲ್ಲ. ಚಿಲಕ ಹಾಕಿದ ಬಾಗಿಲಿನ ಹಿಂದೆ ಕೂತು ಚೀಟಿ ಬರೆದರು. ಔರಾದಿನ ಮನೆಯಲ್ಲಿ ಓದುವವರಿಲ್ಲವೆಂದು ಅದನ್ನು ಭಾಲ್ಕಿಗೆ, ನನ್ನ ಕಡೆಗೆ ಕಳಿಸಿದರು. ಗಾಡಿಯ ಜೊತೆ ಅಪ್ಪ ಬರುತ್ತಾನೆ ಎಂದು ಅವರು ಬರೆಯಲಿಲ್ಲ. ಅದು ಬರೆಯಬೇಕಾದ ವಿಷಯವೆಂದು ಅವರಿಗೆ ಅನಿಸಿರಲಿಕ್ಕಿಲ್ಲ. ಅವರ ಲೆಕ್ಕದಲ್ಲಿ ಪ್ರಯಾಣ ಮಾಡುತ್ತಿದ್ದುದು ಗಿಡ. ಮುಂದೆ ಎಷ್ಟೋ ವರ್ಷದ ಮೇಲೆ ನಾನು ಇದನ್ನೇ ಕೇಳಿದಾಗ, "ಗಾಡಿ ತಾನೇ ನಡೆದು ಬರುತ್ತದೆಯೇ ಬೇಟಿ?" ಎಂದು ಅವರು ನನ್ನ ಬುದ್ಧಿಗೇ ಮರುಗಿದರು. ಆ ಜನವರಿಯಲ್ಲಿ ಕೊಯ್ದ ಮೊದಲ ಹೂಗಳನ್ನು ಅಪ್ಪ ಬಿಸಿನೀರಿನ ಶಾಸ್ತ್ರ ಮುಗಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೀದರಿಗೆ ಒಯ್ದು ಅವರ ಬಾಗಿಲು ತಟ್ಟಿದ. ಯಾರು ಎಂದು ಒಳಗಿನಿಂದ ಕೇಳಿದರಂತೆ. ಇವನು ಹೆಸರು ಹೇಳದೆ ಹೂವಿನ ಅಗಲ ಎಷ್ಟು ಬೆರಳು ಎಂದು ಹೇಳಿದ. ಚಿಲಕ ತೆಗೆದರು. ಆ ಓಣಿಯಲ್ಲಿ ಮೊದಲು ತೆರೆದ ಬಾಗಿಲು ಅದೇ ಎಂದು ಅಪ್ಪ ಹೇಳುತ್ತಿದ್ದ. ಇದರಲ್ಲಿ ಸ್ವಲ್ಪ ಬಣ್ಣ ಸೇರಿರಬಹುದು, ಅಪ್ಪ ಹೂ ಬೆಳೆಸಿದವನು.

ನನಗೆ ಈಗ ಅಪ್ಪನನ್ನು ಬಿಟ್ಟು ಅವ್ವನ ಕಡೆ ಹೋಗಬೇಕು. ಅವಳು ಇನ್ನೂ ಬದುವಿನ ಮೇಲೆಯೇ ಕೂತಿದ್ದಳು.

ಅಪ್ಪ ಅವಳ ಮುಂದೆ ಹೋಗಿ ನಿಂತ. ಏನು ಹೇಳಬೇಕೋ ತಿಳಿಯದೆ, "ಹ್ಯಾಂಗಿದ್ದಿ?" ಎಂದ. ಅವಳು ಎದ್ದಳು. ಅವನನ್ನು ದಾಟಿಕೊಂಡು ಹೋಗಿ, ಅತ್ತೆ ಹುಡುಕಿ ಇಟ್ಟಿದ್ದ ಕಲ್ಲನ್ನು ಎತ್ತಿ ಹೊಲದ ಬಾವಿಗೆ ಎಸೆದಳು. ಆಮೇಲೆ ಕುಣಿಯ ಹತ್ತಿರ ಬಂದು ಎರಡೂ ಕೈಯಿಂದ ಮಣ್ಣು ಬಾಚಿ ಒಳಗೆ ಹಾಕತೊಡಗಿದಳು. "ಮುಚ್ಚರಿ! ಏನ್ ನೋಡ್ತೀರಿ? ಮದಲ ಇದನ್ನ ಮುಚ್ಚರಿ!"

ಮಾಳಪ್ಪ ಮುತ್ಯಾ ಕೋಲು ಅಡ್ಡ ಹಿಡಿದರು. "ಹಂಗ ಮುಚ್ಚಲಿಕ್ಕ ಬರಂಗಿಲ್ಲ ತಂಗಿ. ತೋಡಿದ ಕುಣಿ ಖಾಲಿ ಮುಚ್ಚಿದ್ರ ಅದು ಹಸದು ಕುಂದರ್ತದ. ವರ್ಷದಾಗ ಒಬ್ಬರನ್ನ ಕೇಳತದ. ಏನರೆ ಹಾಕಬೇಕು."

"ಕೋಳಿ ಹಾಕೋಣೇನ್ರೀ?" ಎಂದ ಕಾಕಾ.

"ಜೀವ ಹಾಕಬೇಕು ಅಂದ್ರ ಹಾಕೋಣು. ಅದಕ್ಕ ಕೋಳಿನ ಆಗಬೇಕಂತ ಏನಿಲ್ಲ," ಎಂದು ಮುತ್ಯಾ ಗಾಡಿಯ ಕಡೆ ನೋಡಿದರು.

ಅಪ್ಪ ಆಗಲೇ ಕುಣಿಯ ಅಂಚಿನಲ್ಲಿ ಕೂತು ಮೊರಂ ಅನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡುತ್ತಿದ್ದ. ಬಿಸಿಲು ಎಲ್ಲಿಂದ ಬೀಳುತ್ತದೆ ಎಂದು ತಲೆಯೆತ್ತಿ ನೋಡಿದ. ಮುಖದಲ್ಲಿ ಒಂದು ಬಗೆಯ ಸಮಾಧಾನ. "ಜಾಗಾ ಛಲೋ ಹಿಡದೀರಿ. ಎರೀಮಣ್ಣಾಗ ನೀರು ನಿಂತು ಗಡ್ಡಿ ಕೊಳಿತಾವ ಅಂತ ದಾರಿ ತುಂಬ ಚಿಂತಿ ಮಾಡಕೋತ ಬಂದೆ. ಈಗ ಕೆಳಗಿಂದ ಮೊರಂ ಮ್ಯಾಲ ಬಂದದ. ಎರಡೂ ಕಲಸಿದ್ರ ನಮ್ಮ ಬಂಗಲೇದಾಗೂ ಇಂಥಾ ಮಣ್ಣಿರಲಿಲ್ಲ."

ತನ್ನ ಸಲುವಾಗಿ ತೋಡಿದ ಕುಣಿಯನ್ನು ಹೀಗೆ ಹೊಗಳಿದ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಆಮೇಲಿನದೆಲ್ಲ ಕೆಲಸ. ನಾಲ್ಕು ಮಂದಿ ಮಣ್ಣು, ಮೊರಂ ಕಲಸಿ ಕುಣಿಯನ್ನು ಮುಕ್ಕಾಲು ತುಂಬಿದರು. ಕಾಕಾ ಹಟ್ಟಿಯಿಂದ ಹಳೆಯ ಕುರಿಗೊಬ್ಬರ ಬುಟ್ಟಿಗಟ್ಟಲೆ ತಂದ. ಗೂಟಗಳನ್ನು ಮೊದಲು ನೆಟ್ಟರು. ಕುಣಿಯ ಉದ್ದಕ್ಕೆ ನಾಲ್ಕು ಗಿಡ, ಅಪ್ಪನಿಗೆ ಬಿಟ್ಟಿದ್ದ ಹೆಚ್ಚಿನ ಗೇಣಿನಲ್ಲಿ ಐದನೆಯದು. ಉಳಿದವು ಕುಣಿಯ ಎರಡೂ ಪಕ್ಕಕ್ಕೆ. ಅತ್ತೆ ಬಾವಿಯಿಂದ ನೀರು ಸೇದಿ ಕೊಡುತ್ತ, ಪ್ರತಿ ಕೊಡಕ್ಕೂ ನನಗೊಂದು ಬೈಗುಳ ಸೇರಿಸಿ ಕೊಟ್ಟಳು. ಅವ್ವ ಎಲ್ಲರ ಜೊತೆ ಮಂಡಿಯೂರಿ ಗಿಡ ಹಿಡಿದಳು, ಮಣ್ಣು ಅದುಮಿದಳು. ಅಪ್ಪನ ಜೊತೆ ಮಾತ್ರ ಮಾತಿಲ್ಲ. ಅವನು "ಇಲ್ಲಿ ಹಿಡಿ" ಎಂದರೆ ಹಿಡಿಯುತ್ತಿದ್ದಳು, ಮುಖ ಬೇರೆ ಕಡೆಗಿರುತ್ತಿತ್ತು. ಅವನು ಒಂದೆರಡು ಸಲ ತಮಾಷೆ ಮಾಡಲು ನೋಡಿ ಬಿಟ್ಟುಬಿಟ್ಟ. ಕೊನೆಗೆ ಬಹಳ ಮೆತ್ತಗೆ, "ಬ್ಯಾರೆ ಯಾರದರೆ ಕಡೆಯಿಂದ ಒಂದು ಮಾತು ಕಳಸಬೇಕಿತ್ತು ನಾ. ತಪ್ಪಾತು," ಎಂದ. ಅವಳ ಕೈ ಒಂದು ಕ್ಷಣ ನಿಂತು ಮತ್ತೆ ಮಣ್ಣು ಅದುಮಿತು.

ಹೊತ್ತು ಇಳಿಯುವಾಗ ಗಿಡಗಳನ್ನು ಗೂಟಕ್ಕೆ ಕಟ್ಟುವುದೊಂದು ಉಳಿಯಿತು. ಡೇರೆಯ ಕಾಂಡ ಟೊಳ್ಳು, ಸೊಕ್ಕಿನ ಗಿಡ. ಹಗ್ಗದಿಂದ ಕಟ್ಟಿದರೆ ಕೊಯ್ದುಹೋಗುತ್ತದೆ. ಮೆತ್ತನೆಯ ಬಟ್ಟೆ ಬೇಕು. ಅಪ್ಪ ತನ್ನ ರುಮಾಲಿಗೆ ಕೈ ಹಾಕಿದ.

"ತಡಿ," ಎಂದಳು ಅವ್ವ. ಆ ದಿನ ಅವನಿಗೆ ಹೇಳಿದ ಮೊದಲ ಮಾತು.

ಬೇವಿನ ಬುಡದಲ್ಲಿ ಕಾಕಾ ಬೆಳಿಗ್ಗೆ ಅಂಗಡಿಯಿಂದ ತಂದ ಹೊಸ ಬಿಳಿ ಬಟ್ಟೆ ಮಡಚಿದಂತೆಯೇ ಇತ್ತು. ಯಾತಕ್ಕೆ ತಂದದ್ದೆಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಅದರ ಕಡೆ ನೋಡಿರಲಿಲ್ಲ. ಅವ್ವ ಅದನ್ನು ಎತ್ತಿಕೊಂಡಳು. ಅಂಚಿಗೆ ಹಲ್ಲು ಕೊಟ್ಟು ಸೀಳಿ ಎರಡೂ ಕೈಯಿಂದ ಹರಿದಳು. ಪರ್ ಎಂಬ ಆ ಸದ್ದಿಗೆ ಮುತ್ಯಾ ತಿರುಗಿ ನೋಡಿದರು. ಇನ್ನೊಂದು ಸೀಳು. ಮತ್ತೊಂದು. ಬಟ್ಟೆಯೆಲ್ಲ ಎರಡು ಬೆರಳಿನಗಲದ ಪಟ್ಟಿಗಳಾಗುವ ತನಕ ಅವಳು ನಿಲ್ಲಲಿಲ್ಲ. ಕೈಯ ಬಳೆಗಳು ಒಂದೇ ಸಮನೆ ಸದ್ದು ಮಾಡುತ್ತಿದ್ದವು.

ನಾವೆಲ್ಲ ಒಂದೊಂದು ಪಟ್ಟಿ ತೆಗೆದುಕೊಂಡು ಕಟ್ಟುತ್ತ ಹೋದೆವು. ಕೊನೆಯ ಗಿಡ, ಹೆಚ್ಚಿನ ಗೇಣಿನಲ್ಲಿ ನೆಟ್ಟ ಐದನೆಯದು, ಅವ್ವನ ಪಾಲಿಗೆ ಬಂತು. ಅವಳು ಪಟ್ಟಿಯನ್ನು ಗೂಟಕ್ಕೂ ಕಾಂಡಕ್ಕೂ ಸುತ್ತಿ ಗಟ್ಟಿಯಾಗಿ ಎಳೆದಳು.

"ಅಷ್ಟು ಬಿಗಿ ಕಟ್ಟಬ್ಯಾಡ," ಎಂದ ಅಪ್ಪ. "ಬೆಳಿಲಿಕ್ಕ ಜಾಗಾ ಬೇಕು ಅದಕ್ಕ."

"ಹೌದ? ಎಷ್ಟು ಬಿಡಬೇಕು?"

ಅವನು ತನ್ನ ಕಿರುಬೆರಳನ್ನು ಕಾಂಡಕ್ಕೂ ಪಟ್ಟಿಗೂ ನಡುವೆ ಇಟ್ಟ. ಅವಳು ಆ ಬೆರಳಿನ ಸುತ್ತಲೇ ಗಂಟು ಹಾಕಿದಳು. ಅವನು ಬೆರಳು ತೆಗೆಯಲು ಹೋದಾಗ, "ಇರಲಿ, ಗಂಟು ಕುಂದರಲಿ," ಎಂದು ಸ್ವಲ್ಪ ಹೊತ್ತು ಹಾಗೇ ಹಿಡಿದಳು. ಆಮೇಲೆ ಬಿಟ್ಟಳು, ಮತ್ತು ಅಂದಿನ ಕೆಲಸ ಮುಗಿಯಿತು.